ಸಹಾಯ ಬೇಕು: ಮೆದುಳಿನ ಅನ್ಯೂರಿಸಂ ಟಿಶ್ಯೂ ಎಳೆದು ಟೆಸ್ಟ್ ಮಾಡೋದು ಹೇಗೆ?

ಎಲ್ರಿಗೂ ನಮಸ್ಕಾರ, ಬಯೋಮೆಕ್ಯಾನಿಕ್ಸ್ ಅಥವಾ ನ್ಯೂರೋಸರ್ಜರಿ ಕಡೆಯವ್ರು ಯಾರಾದ್ರೂ ಇದ್ರೆ ದಯವಿಟ್ಟು ಓದಿ. ಅನ್ಯೂರಿಸಂ (ರಕ್ತನಾಳದ ಗೋಡೆ ಬಲೂನಿನ ಹಾಗೆ ಉಬ್ಬಿದ ಜಾಗ) ಬುಡಕ್ಕೆ ಕ್ಲಿಪ್ ಹಾಕೋ ಕ್ಲಿಪ್ಪಿಂಗ್ ಆಪರೇಷನ್ ಟೈಮಲ್ಲಿ ಪೇಶೆಂಟ್ ಒಪ್ಪಿಗೆ ಮೇಲೆ ಸಿಗೋ ಅದರ ಗೋಡೆ ತುಂಡು ಕೆಲವೇ ಮಿಲಿಮೀಟರ್ ಇರತ್ತೆ, ಅದನ್ನ 37 ಡಿಗ್ರಿ ಸಲೈನಲ್ಲಿಟ್ಟು ಎಳೆದು ಸ್ಟ್ರೆಸ್-ಸ್ಟ್ರೈನ್ ಕರ್ವ್ (ಎಷ್ಟು ಒತ್ತಡಕ್ಕೆ ಎಷ್ಟು ಹಿಗ್ಗತ್ತೆ ಅನ್ನೋ ಗ್ರಾಫ್) ತೆಗೀಬೇಕು, ಆದ್ರೆ ಕ್ಲ್ಯಾಂಪ್ ಬಿಗಿ ಮಾಡಿದ್ರೆ ಹಿಡಿದ ಜಾಗದಲ್ಲೇ ಹರಿಯತ್ತೆ, ಸಡಿಲ ಬಿಟ್ರೆ ಜಾರತ್ತೆ. ಸ್ಯಾಂಡ್‌ಪೇಪರ್ ಇಡ್ಲಾ, ಅಂಟು ಹಾಕ್ಲಾ?

ಇನ್ನೊಂದು ದಪ್ಪದ ವಿಷ್ಯ. ಒಂದೇ ತುಂಡಲ್ಲಿ ಒಂದ್ಕಡೆ ಆಪರೇಷನ್ ಟೈಮಲ್ಲಿ ಒಳಗೆ ಹರಿಯೋ ರಕ್ತ ಕಂಡು ಕೆಂಪಗೆ ಕಾಣೋಷ್ಟು ತೆಳು, ಪಕ್ಕದಲ್ಲೇ ಹಳದಿ ಬಣ್ಣದ ದಪ್ಪ ಭಾಗ. ಬಲವನ್ನ (ಅಗಲ × ದಪ್ಪ)ದಿಂದ ಭಾಗಿಸಿದ್ರೆ ತಾನೇ ಸ್ಟ್ರೆಸ್ಸು, ಅಂದ್ಮೇಲೆ ಸರಾಸರಿ ದಪ್ಪ ತಗೊಂಡ್ರೆ ಎಲ್ಲಿ ಒಡೆಯತ್ತೋ ಆ ತೆಳು ಜಾಗದ ಸ್ಟ್ರೆಸ್ ಕಮ್ಮಿ ತೋರ್ಸತ್ತೆ, ನಮಗೆ ಬೇಕಾಗಿರೋದೇ ಆ ಜಾಗದ ಸರಿಯಾದ ಸ್ಟ್ರೆಸ್. ಮುಟ್ಟದೆ ದಪ್ಪ ಅಳೆಯೋಕೆ ಏನು ಬಳಸ್ತೀರಾ?

ಗೋಡೆಗೆ ರಬ್ಬರಿನ ಗುಣ ಕೊಡೋ ಎಲಾಸ್ಟಿನ್ ಪದರ ಬಹುಪಾಲು ಹೋಗಿರತ್ತೆ, ಭಾರ ಹೊರೋದು ಕೊಲ್ಲಾಜೆನ್ ಅನ್ನೋ ಗಟ್ಟಿ ನಾರುಗಳೇ, ಅದಕ್ಕೆ ಹೋಲ್‌ಜಾಪ್ಫೆಲ್-ಗ್ಯಾಸರ್-ಓಗ್ಡೆನ್ ಮಾಡೆಲ್ (ನಾರುಗಳ ದಿಕ್ಕನ್ನೂ ಲೆಕ್ಕಕ್ಕೆ ತಗೊಳ್ಳೋ ಗಣಿತದ ಮಾಡೆಲ್) ಹಾಕೋಣ ಅಂತಿದೀನಿ, ಆದ್ರೆ ಒಂದೇ ದಿಕ್ಕಲ್ಲಿ ಎಳೆದ ಡೇಟಾದಿಂದ ನಾರುಗಳ ಕೋನ ನಂಬೋ ಹಾಗೆ ಸಿಗಲ್ಲ. ಮೈಕ್ರೋಸ್ಕೋಪಲ್ಲಿ ಕೋನ ನೋಡಿ ಫಿಕ್ಸ್ ಮಾಡಿದವ್ರು ಇದ್ರೆ ವಿಧಾನ ಹೇಳಿ. ಈ ಟಿಶ್ಯೂ ಸಿಗೋದೇ ಕಷ್ಟ, ಒಂದು ತುಂಡೂ ವ್ಯರ್ಥ ಆಗ್ಬಾರ್ದು. ಪ್ಲೀಸ್, ಗೊತ್ತಿದ್ದವ್ರು ಕಾಮೆಂಟ್ ಮಾಡಿ.