ದೇವಸ್ಥಾನದ ಸ್ಯಾಕ್ಸೋಫೋನ್‌ನಿಂದ ಜಾಝ್‌ಗೆ: ನುಡಿಸುವವರು ಸ್ವಲ್ಪ ಹೇಳಿ

ಕೇಳಿದವರು: ನಾನು ಪುತ್ತೂರು ಕಡೆಯವನು. ಮಾವ ಮದುವೆ, ಬ್ರಹ್ಮಕಲಶೋತ್ಸವಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾರೆ. ಆಲ್ಟೋ ಸ್ಯಾಕ್ಸೋಫೋನ್ ಕಲಿತದ್ದು ಅವರ ಹತ್ತಿರವೇ. ವರ್ಣ, ಕೆಲವು ಕೃತಿ ಬರುತ್ತವೆ. ಈಗ ಬೆಂಗಳೂರಿನಲ್ಲಿ ಕೆಲಸ, ಜಾಝ್ ಹುಚ್ಚು ಹಿಡಿದಿದೆ. ಯಾರ ನುಡಿಕೆ ಕೇಳಬೇಕು? ಗಿಗ್, ಅಂದರೆ ದುಡ್ಡು ಕೊಡುವ ಕಾರ್ಯಕ್ರಮ, ಸಿಗುತ್ತದಾ? ಕೆಲಸ ಬಿಟ್ಟರೆ ಹೊಟ್ಟೆ ತುಂಬುತ್ತದಾ? ಅಪಾರ್ಟ್‌ಮೆಂಟ್‌ನಲ್ಲಿ ಅಭ್ಯಾಸ ಮಾಡಿದರೆ ಪಕ್ಕದವರು ಬಾಗಿಲು ಬಡಿಯುತ್ತಾರೆ, ಅದಕ್ಕೂ ದಾರಿ ಹೇಳಿ.

ಬೆಂಗಳೂರಿನಿಂದ, ಟೆನರ್ ಸ್ಯಾಕ್ಸೋಫೋನ್ ನುಡಿಸುವವರು: ಪಕ್ಕದ ಮನೆಯವರ ವಿಷಯ ಮೊದಲು. ಅಮೆರಿಕದ ಟೆನರ್ ವಾದಕ ಸನ್ನಿ ರಾಲಿನ್ಸ್ ದೊಡ್ಡ ಹೆಸರು ಮಾಡಿದ ಮೇಲೆ, 1959ರಲ್ಲಿ, ಕಾರ್ಯಕ್ರಮ ಕೊಡುವುದನ್ನೇ ನಿಲ್ಲಿಸಿ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ಅಭ್ಯಾಸ ಮಾಡುತ್ತಿದ್ದರು. ಮನೆಯಲ್ಲಿ ನುಡಿಸಿದರೆ ಅಕ್ಕಪಕ್ಕದವರಿಗೆ ತೊಂದರೆ ಅಂತ. 1961ರವರೆಗೆ ಹಾಗೇ ನಡೆಯಿತು. ನಮಗೆ ಅಂಥ ಸೇತುವೆ ಇಲ್ಲ, ಇದ್ದರೂ ಹಾರ್ನ್ ಶಬ್ದದಲ್ಲಿ ಏನೂ ಕೇಳಿಸಲ್ಲ. ಗಂಟೆ ಲೆಕ್ಕದಲ್ಲಿ ಜಾಮ್ ರೂಮ್, ಅಂದರೆ ಬಾಡಿಗೆಯ ಅಭ್ಯಾಸ ಕೋಣೆ, ಹಿಡಿಯಿರಿ. ಇಲ್ಲವಾದರೆ ನಿಲ್ಲಿಸಿದ ಕಾರಿನ ಹಿಂದಿನ ಸೀಟು, ಗಾಜು ಏರಿಸಿಕೊಂಡು. ವಾದ್ಯದ ಅಗಲ ಬಾಯಿಗೆ, ಅಂದರೆ ಬೆಲ್‌ಗೆ, ಟವೆಲ್ ತುರುಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸ್ಯಾಕ್ಸೋಫೋನ್‌ನ ಶಬ್ದ ಹೆಚ್ಚಾಗಿ ಹೊರಗೆ ಬರುವುದು ತೆರೆದ ತೂತುಗಳಿಂದ. ಟವೆಲ್ ಇಟ್ಟರೆ ತೀರಾ ಕೆಳಗಿನ ಸ್ವರಗಳು ಕೆಡುತ್ತವೆ ಅಷ್ಟೇ, ಪಕ್ಕದವರು ಮತ್ತೆ ಬಾಗಿಲು ಬಡಿಯುತ್ತಾರೆ.

ಕೇಳುವ ವಿಷಯಕ್ಕೆ ಬಂದರೆ, ಆಲ್ಟೋದವರು ಚಾರ್ಲಿ ಪಾರ್ಕರ್ ನುಡಿಕೆ ಕೇಳದೆ ಮುಂದೆ ಹೋಗಲು ಆಗುವುದಿಲ್ಲ. 1955ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡವರು. ಆಮೇಲೆ ಬಂದ ಪ್ರತಿಯೊಬ್ಬ ಆಲ್ಟೋದವರ ಮೇಲೂ ಅವರ ನೆರಳಿದೆ. ಅವರ ಜೊತೆಗೆ ಜಾನಿ ಹಾಜಸ್, ಕ್ಯಾನನ್‌ಬಾಲ್ ಆಡರ್ಲಿ. ಟೆನರ್ ನುಡಿಸುತ್ತಿದ್ದ ಜಾನ್ ಕೋಲ್ಟ್ರೇನ್ ನಿಧಾನಕ್ಕೆ ಬರಲಿ. ಅವರಿಗೆ ನಮ್ಮ ಸಂಗೀತದ ಮೇಲೆ ಪ್ರೀತಿ ಎಷ್ಟಿತ್ತೆಂದರೆ ಮಗನಿಗೆ ಸಿತಾರ್ ವಾದಕ ರವಿಶಂಕರ್ ಹೆಸರಿಟ್ಟರು. ಆ ಮಗ ರವಿ ಕೋಲ್ಟ್ರೇನ್ ಕೂಡ ಸ್ಯಾಕ್ಸೋಫೋನ್ ವಾದಕರೇ.

ಕೇಳುವುದು ಅಂದರೆ ಹಿನ್ನೆಲೆಯಲ್ಲಿ ಹಾಕಿಕೊಂಡು ಅಡುಗೆ ಮಾಡುವುದಲ್ಲ. ಒಂದೇ ಸೋಲೋ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗ, ಹಿಡಿಯಿರಿ. ವೇಗ ಅರ್ಧಕ್ಕಿಳಿಸಿ, ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ. ಹಾಡಿ ನುಡಿಸುವ ರೂಢಿ ನಿಮಗೆ ಮಾವ ಆಗಲೇ ಹಾಕಿಕೊಟ್ಟಿರುತ್ತಾರೆ. ಇಲ್ಲಿ ಪುಸ್ತಕ ನೋಡಿ ಕಲಿತವರಿಗೆ ಇಲ್ಲದ ಬಂಡವಾಳ ಅದು.

ನಿಮಗೆ ಏಟು ಬೀಳುವುದು ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಲ್ಲಿ. ಕರ್ನಾಟಕ ಸಂಗೀತದಲ್ಲಿ ಶ್ರುತಿ ಕೂತಲ್ಲೇ ಕೂತಿರುತ್ತದೆ, ಇಲ್ಲಿ ಕಾಲ ಕೆಳಗಿನ ನೆಲ ಸರಿಯುತ್ತಾ ಹೋಗುತ್ತದೆ. ಡಿ ಮೈನರ್, ಜಿ ಸೆವೆಂತ್, ಸಿ ಮೇಜರ್ ಅಂತ ಮೂರು ಕಾರ್ಡ್ ಬಂದವು ಅಂದುಕೊಳ್ಳಿ. ಎಫ್ ಸ್ವರ ಮೊದಲನೆಯದರಲ್ಲಿ ಮೂರನೆಯದು, ಎರಡನೆಯದರಲ್ಲಿ ಏಳನೆಯದು, ಎರಡರಲ್ಲೂ ಚೆನ್ನಾಗಿದೆ. ಸಿ ಮೇಜರ್ ಬಂದಾಗಲೂ ಅದನ್ನೇ ಹಿಡಿದು ನಿಂತರೆ ಕಿವಿ ಕಚ್ಚುತ್ತದೆ. ಅಲ್ಲಿ ಇ ಸ್ವರಕ್ಕೆ ಇಳಿಯಬೇಕು. ಈ ಇಳಿಯುವ ಜಾಗ ಕೈಗೆ ಹತ್ತಿದರೆ ಅರ್ಧ ಜಾಝ್ ಬಂದ ಹಾಗೆ. ಒಂದು ಸಣ್ಣ ಕೀಬೋರ್ಡ್ ತಗೊಳ್ಳಿ, ಹಳೆಯದಾದರೂ ಸಾಕು. ಆಲ್ಟೋ ಇ ಫ್ಲ್ಯಾಟ್ ವಾದ್ಯ, ಅಂದರೆ ಅದರಲ್ಲಿ ಸಿ ನುಡಿಸಿದರೆ ಪಿಯಾನೋದ ಇ ಫ್ಲ್ಯಾಟ್ ಕೇಳಿಸುತ್ತದೆ. ಪಿಯಾನೋದವರು ಬಿ ಫ್ಲ್ಯಾಟ್ ಅಂದರೆ ನೀವು ಜಿ ನುಡಿಸಬೇಕು, ಇದು ನಿದ್ದೆಯಲ್ಲೂ ಬರಬೇಕು.

ಮಂಗಳೂರಿನಿಂದ: ಕದ್ರಿ ಗೋಪಾಲನಾಥರ ಹೆಸರು ಬರದೆ ಮಾತು ಮುಗಿಯುತ್ತದಾ ಮಾರಾಯ್ರೇ? ಬಂಟ್ವಾಳ ತಾಲೂಕಿನವರು, ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದರ ಹಿಂದೆ ಬಿದ್ದರು. ಸ್ವರವನ್ನು ಜಾರಿಸಿ ಅಲುಗಿಸುವ ಗಮಕ ಬರಲಿ ಅಂತ ವಾದ್ಯವನ್ನೇ ಸ್ವಲ್ಪ ಬದಲಾಯಿಸಿಕೊಂಡರು. 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ, ಕದ್ರಿಯವರ ನುಡಿಕೆ ಕೇಳಿ ಜೊತೆಗೆ ವೇದಿಕೆ ಹತ್ತಿಸಿಕೊಂಡರು. 1994ರಲ್ಲಿ ಲಂಡನ್‌ನ ಬಿಬಿಸಿ ಪ್ರೋಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅವರೇನೂ ಜಾಝ್ ನುಡಿಸಲು ಹೋಗಲಿಲ್ಲ, ರಾಗವನ್ನೇ ನುಡಿಸಿದರು. ಊರಿನದ್ದನ್ನು ಮುಚ್ಚಿಟ್ಟು ಹೊಸಬರ ಹಾಗೆ ಹೋಗಬೇಡಿ.

ನ್ಯೂಜೆರ್ಸಿಯಿಂದ: ಇದಕ್ಕೇ ಸೇರಿಸುತ್ತೇನೆ. ಜಾಝ್ ಆಲ್ಟೋ ವಾದಕ ರುದ್ರೇಶ್ ಮಹಂತಪ್ಪ ಅವರ ನುಡಿಕೆ ಕೇಳಿ. ತಂದೆ ಕರ್ನಾಟಕದಿಂದ ಬಂದವರು, ಇವರು ಬೆಳೆದದ್ದು ಕೊಲರಾಡೋದಲ್ಲಿ. ಚಿಕ್ಕಂದಿನಲ್ಲಿ ಕೇಳಿದ್ದು ಗ್ರೋವರ್ ವಾಷಿಂಗ್ಟನ್ ಜೂನಿಯರ್, ಆಮೇಲೆ ಪಾರ್ಕರ್. ಕದ್ರಿಯವರ ಒಂದು ಧ್ವನಿಮುದ್ರಿಕೆಯನ್ನು ಅಣ್ಣ ತಮಾಷೆಗೆ ತಂದುಕೊಟ್ಟರಂತೆ, ಇವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮುಂದೆ ಕದ್ರಿಯವರ ಜೊತೆಗೇ ನುಡಿಸಿದರು. 2008ರ ‘ಕಿನ್ಸ್‌ಮೆನ್’ ಆಲ್ಬಮ್ ಹುಡುಕಿ ಕೇಳಿ, ಎರಡು ಆಲ್ಟೋ ಒಂದಕ್ಕೊಂದು ಉತ್ತರ ಕೊಡುತ್ತವೆ. ಯಾವುದು ಯಾರದ್ದು ಅಂತ ಗಮಕದಿಂದಲೇ ಗೊತ್ತಾಗುತ್ತದೆ. ಮಹಂತಪ್ಪ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ಕಲಿಸಿದವರು. ಇಷ್ಟು ಹೆಸರಿದ್ದವರೂ ಕಲಿಸುವ ಕೆಲಸ ಇಟ್ಟುಕೊಂಡರು, ನಿಮ್ಮ ಮೂರನೇ ಪ್ರಶ್ನೆಗೆ ಇದೂ ಒಂದು ಉತ್ತರ.

ಬೆಂಗಳೂರಿನಿಂದ, ಡ್ರಮ್ಸ್: ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಕೆಲಸ ಬಿಡಬೇಡಿ, ಈಗಲೇ ಅಂತೂ ಬೇಡ. ಬರೀ ಜಾಝ್ ನುಡಿಸಿ ಬಾಡಿಗೆ ಕಟ್ಟುವವರು ನನಗೆ ಗೊತ್ತಿರುವವರಲ್ಲಿ ಇಲ್ಲ. ಪಾಠ, ರೆಕಾರ್ಡಿಂಗ್, ಕಾರ್ಪೊರೇಟ್ ಕಾರ್ಯಕ್ರಮ, ರಿಸೆಪ್ಷನ್, ಎಲ್ಲ ಸೇರಿ ತಿಂಗಳು ಸಾಗುತ್ತದೆ. ಡಿಸೆಂಬರ್ ಪರವಾಗಿಲ್ಲ, ಆಷಾಢದಲ್ಲಿ ಫೋನೇ ಬರುವುದಿಲ್ಲ. ಮುಂಗಡ ಇಸ್ಕೊಳ್ಳದೆ ದಿನ ಒಪ್ಪಬೇಡಿ. ಕಂಪನಿಯವರು ಸಾಮಾನ್ಯವಾಗಿ 10% ತೆರಿಗೆ (ಟಿಡಿಎಸ್) ಹಿಡಿದು ಕೊಡುತ್ತಾರೆ, ರಿಟರ್ನ್ ಹಾಕಿದರೆ ಲೆಕ್ಕ ಹೊಂದುತ್ತದೆ. ಒಬ್ಬ ಆಯೋಜಕ ನಮ್ಮಿಂದ ಎರಡು ಸೆಟ್ ನುಡಿಸಿಕೊಂಡು ಊಟ ಹಾಕಿ ಕಳಿಸಿದ. ಊಟ ಚೆನ್ನಾಗಿತ್ತು, ಅದನ್ನು ಒಪ್ಪಬೇಕು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಂದು ರಿಸೆಪ್ಷನ್‌ಗೆ ಕರೆದಿದ್ದಾರೆ. ಹಿನ್ನೆಲೆ ಸಂಗೀತದ ಟ್ರ್ಯಾಕ್ ಹಾಕಿಕೊಂಡು ಹಳೆಯ ಸಿನಿಮಾ ಹಾಡು ನುಡಿಸಬೇಕಂತೆ. ಇದು ಮರ್ಯಾದೆ ಕಳೆದುಕೊಳ್ಳುವ ಕೆಲಸ ಅಲ್ವಾ?

ಟೆನರ್ ನುಡಿಸುವವರು: ಯಾಕೆ ಮರ್ಯಾದೆ ಹೋಗುತ್ತದೆ? ಮಾವ ಮದುವೆಯಲ್ಲಿ ನುಡಿಸಿದಾಗ ಹೋಯಿತಾ? ಹೋಗಿ ಬನ್ನಿ. ಪಲ್ಲವಿ ಇದ್ದ ಹಾಗೆ ನುಡಿಸಿ, ಜನಕ್ಕೆ ಬೇಕಾದ್ದು ಅದೇ. ಮಧ್ಯೆ ಸಂಗೀತ ಮಾತ್ರ ಬರುವಲ್ಲಿ ನಿಮ್ಮ ಸೋಲೋ ಹಾಕಿ, ಆ ಹೊತ್ತಿಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಬಾಕ್ಸ್‌ನಲ್ಲಿ ಹತ್ತು ರೀಡ್ (ಊದುವ ಕಡೆ ಕಟ್ಟುವ ತೆಳು ಪಟ್ಟಿ) ಇದ್ದರೆ ವೇದಿಕೆಗೆ ಲಾಯಕ್ಕಾದವು ಮೂರೋ ನಾಲ್ಕೋ, ಅವನ್ನು ಮನೆಯಲ್ಲೇ ನುಡಿಸಿ ಆರಿಸಿಟ್ಟುಕೊಳ್ಳಿ. ಮೈಕ್ ಪೂರ್ತಿ ಬೆಲ್ ಬಾಯಿಗೇ ತಿರುಗಿಸಿ ಇಟ್ಟಿರುತ್ತಾರೆ. ಸೌಂಡ್‌ನವರಿಗೆ ಹೇಳಿ ಸ್ವಲ್ಪ ಹಿಂದೆ, ಕೀಲಿಗಳ ಕಡೆಗೆ ಮೇಲಕ್ಕೆ ಸರಿಸಿಕೊಳ್ಳಿ. ಟ್ರ್ಯಾಕ್ ಯಾವ ಸ್ಕೇಲ್‌ನಲ್ಲಿದೆ ಅಂತ ಹಿಂದಿನ ದಿನವೇ ತರಿಸಿಕೊಂಡು ನುಡಿಸಿ ನೋಡಿ.