ಫೋಟಾನುಗಳದು ‘ಸಿಕ್ಕು’ ಅಲ್ಲವಾದರೆ ‘ಹೆಣಿಗೆ’ಯೇ?

ಕ್ವಾಂಟಂ ಎಂಟ್ಯಾಂಗಲ್‌ಮೆಂಟಿಗೆ ನಾನು ಇದುವರೆಗೆ ‘ಸಿಕ್ಕು’ ಎಂದೇ ಬರೆಯುತ್ತಿದ್ದೆ. ಎರಡು ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಎಷ್ಟೇ ದೂರವಿದ್ದರೂ ಒಂದರ ಸ್ಥಿತಿಯನ್ನು ಇನ್ನೊಂದರದ್ದರಿಂದ ಬಿಡಿಸಿ ಹೇಳಲಾಗದಂಥ ನಂಟು ಅದು. ಮೊನ್ನೆ ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ‘ಫೋಟಾನುಗಳ ಸಿಕ್ಕನ್ನು ಉಳಿಸಿಕೊಳ್ಳುವುದು ಹೇಗೆ’ ಎಂದು ಗಟ್ಟಿಯಾಗಿ ಓದಿಕೊಂಡೆ. ಜಗಲಿಯಲ್ಲಿ ಮಗಳ ತಲೆ ಬಾಚುತ್ತಿದ್ದ ತಮ್ಮನ ಹೆಂಡತಿ, “ಸಿಕ್ಕನ್ನು ಯಾರು ಉಳಿಸಿಕೊಳ್ಳುತ್ತಾರೆ ಭಾವ? ಬಿಡಿಸುತ್ತಾರೆ” ಎಂದಳು. ಅಲ್ಲಿಗೆ ನನ್ನ ಪದ ಬಿದ್ದುಹೋಯಿತು.

ನಾನು ಬರೆಯುತ್ತಿದ್ದದ್ದು ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ. 200 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ. ಅದರ ತುಂಬ ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಕಿರಿದಾದ ತೂತುಗಳು. ಇಂಥ ಜೋಡಿಯ ಫೋಟಾನು ಅವುಗಳಲ್ಲಿ ಹಾಗೆಯೇ ನುಸುಳಿ ಹೋಗುವುದಿಲ್ಲ. ಲೋಹದ ಮೈಮೇಲಿನ ಅಸಂಖ್ಯ ಎಲೆಕ್ಟ್ರಾನುಗಳ ಅಲೆಯಾಗಿ, ಅಂದರೆ ಪ್ಲಾಸ್ಮಾನ್ ಆಗಿ ಮಾರ್ಪಟ್ಟು, ಆಚೆ ಬದಿಯಲ್ಲಿ ಮತ್ತೆ ಫೋಟಾನಾಗಿ ಹೊರಡುತ್ತದೆ. ಇಷ್ಟೆಲ್ಲ ಆದರೂ ಅದಕ್ಕೂ ಅದರ ಜೋಡಿಗೂ ಇದ್ದ ನಂಟು ಕಡಿಯಲಿಲ್ಲ. ಯಾವ ಧ್ರುವೀಕರಣದ (ಬೆಳಕಿನ ಅಲೆ ಕಂಪಿಸುವ ದಿಕ್ಕಿನ) ಫೋಟಾನು ಹಾದುಹೋಯಿತು ಎಂಬ ಗುರುತನ್ನು ಲೋಹ ಇಟ್ಟುಕೊಳ್ಳದಿದ್ದರೆ ನಂಟು ಉಳಿಯುತ್ತದೆ, ಇಟ್ಟುಕೊಂಡಷ್ಟೂ ಸಡಿಲವಾಗುತ್ತದೆ.

ಹೀಗೆ ಉಳಿಯುವ, ಸಡಿಲವಾಗುವ ವಸ್ತುವಿಗೆ ‘ಹೆಣಿಗೆ’ ಒಪ್ಪುತ್ತದೆ ಎನ್ನಿಸುತ್ತಿದೆ. ನಮ್ಮಲ್ಲಿ ಅಡಿಕೆ ಕೊಯ್ಲಿಗೆ ಬಳಸುವ ಬಿದಿರಿನ ಬುಟ್ಟಿಯನ್ನು ನೋಡಿ: ಒಂದು ಸೀಳು ಮೇಲೆ, ಒಂದು ಕೆಳಗೆ. ಒಂದನ್ನು ಎಳೆದರೆ ಪಕ್ಕದ್ದೂ ಮಿಸುಕುತ್ತದೆ. (ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಒಂದು ಫೋಟಾನನ್ನು ಅಲುಗಾಡಿಸಿ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬರುವುದಿಲ್ಲ.) 1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಇದೇ ನಂಟಿಗೆ ಜರ್ಮನ್ ಭಾಷೆಯಲ್ಲಿ ಬಳಸಿದ ‘ಫೆರ್‌ಶ್ರೆಂಕುಂಗ್’ ಕೂಡ ಗೋಜಲಲ್ಲ; ಎದೆಯ ಮೇಲೆ ಅಡ್ಡಡ್ಡ ಕೈಕಟ್ಟಿಕೊಳ್ಳುವುದಕ್ಕೂ ಜರ್ಮನರು ಅದೇ ಧಾತುವನ್ನು ಬಳಸುತ್ತಾರೆ. ಗೋಜಲು ಬಂದದ್ದು ಇಂಗ್ಲಿಷಿನಿಂದ. ನಾವು ಅದನ್ನೇ ಕನ್ನಡಿಸಿ ಕುಳಿತೆವು.

‘ತಳುಕು’ ಎಂದು ಗೆಳೆಯರೊಬ್ಬರು ಸೂಚಿಸಿದರು. ಅರ್ಥ ಹತ್ತಿರದ್ದೇ, ಆದರೆ ಹಗರಣದಲ್ಲಿ ಹೆಸರು ತಳುಕು ಹಾಕಿಕೊಂಡ ಸುದ್ದಿ ಓದಿ ಓದಿ ಆ ಪದಕ್ಕೆ ಮಸಿ ಮೆತ್ತಿದೆ. ‘ಹೆಣೆ’ಯಿಂದಾದರೆ ‘ಹೆಣೆದುಕೊಂಡ ಜೋಡಿ’, ‘ಹೆಣಿಗೆ ಬಿಚ್ಚಿತು’ ಎಲ್ಲವೂ ತಾವಾಗಿ ಹುಟ್ಟುತ್ತವೆ.

ಒಂದೇ ಅಳುಕು. ಎತ್ವ ಬಿಟ್ಟುಹೋದರೆ ‘ಹೆಣಿಗೆ’ ‘ಹಣಿಗೆ’ಯಾಗುತ್ತದೆ, ಅಂದರೆ ಬಾಚಣಿಗೆ. ಸಿಕ್ಕು ಬಿಡಿಸುವ ಸಾಧನವೇ! ‘ಹಣಿಗೆ’ ದಿನಬಳಕೆಯಲ್ಲಿರುವ ಕಡೆಯವರಿಗೆ ಈ ಎರಡು ಪದಗಳು ಕಿವಿಯಲ್ಲಿ ಕಲೆಸಿಹೋಗುತ್ತವೆಯೇ? ಹಾಗಿದ್ದರೆ ‘ಹೆಣೆತ’ ಎಂದರೆ ನಡೆದೀತೇ?