ನೆಟ್ಟು, ಫ್ರಿಲ್ಲು, ಮದುಮಗಳ ವೇಲು

ಶಿವಾಜಿನಗರದ ಹೊಲಿಗೆ ಅಂಗಡಿ, ಬೈಟೂ ಕಾಫಿ. ಟೇಲರ್ ಫಿಲೋಮಿನಕ್ಕ, ಪಾರ್ಲರ್ ಸುಮಾ, ಫೋಟೊ ನಾಗ. ಮೇಜಿನ ಮೇಲೆ ಚರ್ಚ್ ಮದುವೆಯ ಕೆನೆಬಣ್ಣದ ರೇಷ್ಮೆ ಸೀರೆ. ಅದಕ್ಕೆ ಮದುಮಗಳು ತಲೆಗೆ ಹಾಕೋ ನೆಟ್ಟಿನ ವೇಲು ಹೊಲಿಯಬೇಕು.

ನಾಗ: ಅಕ್ಕ, ಹುಡುಗಿಗೆ ಮೇಘನ್ ಮಾರ್ಕಲ್ ವೇಲೇ ಬೇಕಂತೆ. 2018ರಲ್ಲಿ ಬ್ರಿಟನ್ ರಾಜಕುಮಾರ ಹ್ಯಾರಿನ ಮದುವೆಯಾದಾಗ ಹಾಕಿದ್ದು.

ಅಕ್ಕ: ಅದು ಐದು ಮೀಟರ್ ಕಣೋ. ಅಂಚಿಗೆ ಆಗಿನ 53 ಕಾಮನ್‌ವೆಲ್ತ್ ದೇಶಗಳ ಹೂವಿನ ಕೈಕಸೂತಿ, ನಮ್ಮದು ತಾವರೆ. ಹಿಂದೆ ಹಿಡಿಯೋಕೆ ಹುಡುಗರಿದ್ರು. ಇವಳಿಗೆ ನೀನು ಹಿಡೀತೀಯಾ?

ನಾಗ: ನಾನು ಹಿಡಿದ್ರೆ ಫೋಟೊ ಫಾದರ್ ತೆಗೀಬೇಕು.

ಸುಮಾ: ಸೀರೆಗೆ ಮೊಣಕೈವರೆಗಿನ ವೇಲು, 30 ಇಂಚು ಸಾಕಲ್ವಾ?

ಅಕ್ಕ: ಬ್ಲೌಸಿನ ಬೆನ್ನು ನೋಡದೆ ಹೇಳಬಾರದು. ಕಸೂತಿ ಮುಗಿಯೋ ಜಾಗದಲ್ಲೇ ವೇಲಿನ ಅಂಚೂ ಬಂದ್ರೆ ಬೆನ್ನು ಎರಡು ತುಂಡಾಗಿ ಕಾಣುತ್ತೆ. ಬೆರಳ ತುದಿವರೆಗೆ ಬಿಡು, 40 ಇಂಚಿನ ಆಸುಪಾಸು. ಅಳತೆ ನೆತ್ತಿಯಿಂದಲ್ಲ, ವೇಲಿಗೆ ಹೊಲಿದ ಬಾಚಣಿಗೆ ಕೂದಲಲ್ಲಿ ಕೂರೋ ಜಾಗದಿಂದ. ಆದ್ರೆ ಉದ್ದಕ್ಕಿಂತ ಫ್ರಿಲ್ಲೇ ಮುಖ್ಯ ಕಣೇ. 108 ಇಂಚು ಅಗಲದ ನೆಟ್ಟನ್ನ ಮೂರಿಂಚು ಬಾಚಣಿಗೆಗೆ ಹಿಂಡಿದ್ರೆ ಕುಳ್ಳ ಹುಡುಗಿ ಅದರೊಳಗೇ ಕಳೆದುಹೋಗ್ತಾಳೆ. 54 ಇಂಚು ಸಾಕು. ಕೆಳಗಿನ ಮೂಲೆಗಳನ್ನ ದುಂಡಗೆ ಕತ್ತರಿಸು. ನೆಟ್ಟನ್ನ ಉದ್ದಕ್ಕೆ ಮಡಿಸಿ ಎರಡು ಮೂಲೆನೂ ಒಟ್ಟಿಗೆ ಕತ್ತರಿಸದಿದ್ರೆ ಒಂದು ಕಡೆ ಸೊಟ್ಟ. ದಾರ ಎಳೆದು ಫ್ರಿಲ್ ಮಾಡೋಕೆ ಮೇಲಂಚಿಗೆ ಎರಡು ಸಾಲು ಓಟದ ಹೊಲಿಗೆ. ಒಂದೇ ಸಾಲಾದ್ರೆ ಎಳೆಯುವಾಗ ದಾರ ಪಟ್ಟಂತ ಹೋಗುತ್ತೆ, ಮತ್ತೆ ಮೊದಲಿಂದ.

ನಾಗ: ಫ್ರಿಲ್ಲೇ ಬೇಡ ಅಂದ್ರೆ?

ಅಕ್ಕ: ಡ್ರಾಪ್ ವೇಲ್. ದುಂಡು ತುಂಡು, ತಲೆ ಮೇಲೆ ಹಾಸಿ ಎರಡು ಪಿನ್ನು. ಮುಂದಿನ ಮಡಿಕೆ ಮುಖ ದಾಟಿ ಎದೆವರೆಗೆ ಬರಬೇಕು; ಗಲ್ಲದ ಹತ್ತಿರ ನಿಂತ್ರೆ ಲಿಪ್‌ಸ್ಟಿಕ್ ಒರೆಸಿಕೊಂಡು ಹೋಗುತ್ತೆ.

ಸುಮಾ: ಸುತ್ತ ಲೇಸಿರೋ ಮ್ಯಾಂಟಿಲ್ಲಾ?

ಅಕ್ಕ: ಚಂದ. ಆದ್ರೆ ಲೇಸಿನ ಭಾರಕ್ಕೆ ಹಿಂದಕ್ಕೆ ಜಾರುತ್ತೆ, ಕಿವಿ ಮೇಲೆ ಎರಡೂ ಕಡೆ ಪಿನ್ನು ಬೇಕು. ಈ ಸೀರೆಯ ಜರಿ, ಬ್ಲೌಸಿನ ಕಲ್ಲು ಲೇಸನ್ನ ಕಚ್ಚಿ ಎಳೆಯುತ್ತೆ, ಅದಕ್ಕೇ ಅಂಚು ಖಾಲಿ ಬಿಡೋಣ. ನೆಟ್ಟಿನ ಎಳೆ ಬಿಚ್ಚಲ್ಲ, ಮಡಚಿ ಹೊಲಿಯೋ ಕೆಲಸವೇ ಇಲ್ಲ.

ಸುಮಾ: ನೆಟ್ಟು ನಾನೇ ತರಲಾ?

ಅಕ್ಕ: ಸಾಫ್ಟ್ ನೆಟ್ ಅಂತ ಕೇಳು. ಹೋದ ಸಲದ ಹಾಗೆ ಲಂಗದೊಳಗೆ ಹಾಕೋ ಗಡುಸು ನೆಟ್ಟು, ಕ್ಯಾನ್‌ಕ್ಯಾನ್ ತಂದ್ರೆ ಸೊಳ್ಳೆಪರದೆ ಕಟ್ಟಿಕೊಂಡ ಹಾಗಿರುತ್ತೆ. ಬಣ್ಣ ಟ್ಯೂಬ್‌ಲೈಟಲ್ಲಿ ನೋಡಬೇಡ, ಬೀದಿಗೆ ತಂದು ಸೀರೆ ಮೇಲಿಡು. ಅಚ್ಚ ಬಿಳಿ ಇಟ್ರೆ ಇಷ್ಟು ಚಂದದ ಕೆನೆ ಸೀರೆ ಒಗೆಯದೆ ಉಟ್ಟ ಹಾಗೆ ಕಾಣುತ್ತೆ.

ನಾಗ: ಸುಕ್ಕಿದ್ರೆ ಇಸ್ತ್ರಿ ಹೊಡೆಸಲಾ?

ಅಕ್ಕ: ಹೊಡೆಸು, ಇಸ್ತ್ರಿಪೆಟ್ಟಿಗೆಗೇ ಮದುವೆಯಾಗುತ್ತೆ. ನೈಲಾನ್ ಕಣೋ, ಕರಗಿ ಅಂಟುತ್ತೆ! ದೂರದಿಂದ ಹಬೆ ಕೊಡು ಸಾಕು.

ಸುಮಾ: ಮಲ್ಲಿಗೆ?

ಅಕ್ಕ: ಬಾಚಣಿಗೆ ಮೇಲೆ ಮುಡಿಸು, ಹೊಲಿಗೆ ಮುಚ್ಚುತ್ತೆ. ನೀರು ತೊಟ್ಟಿಕ್ಕೋ ಹೂ ಬೇಡ, ನೆಟ್ಟು ಜೋತುಬೀಳುತ್ತೆ.

ನಾಗ: ರಿಸೆಪ್ಷನ್‌ಗೆ ವೇಲ್ ತೆಗೆದ್ರೆ ಹೂವೂ ಬರುತ್ತಲ್ಲ?

ಸುಮಾ: ಹೂವಿಗೆ ಬೇರೆ ಪಿನ್ನು ಹಾಕ್ತೀನಿ. ಒಂದೇ ಪಿನ್ನಾದ್ರೆ ಜೊತೆಗೆ ಅರ್ಧ ತುರುಬೂ ಬರುತ್ತೆ.